ಕುದುರೆಯ ಕೆಳಗಾಲಿನ ಹುಣ್ಣೂ ಯಜಮಾನರ ಹೊಣೆಯೂ

ಬೆಂಗಳೂರಿನ ದಂಡು ಪ್ರದೇಶಕ್ಕೂ ಕುದುರೆಗೂ ಇರುವ ಸಂಬಂಧವು ಇಂದು ನಿನ್ನೆಯದಲ್ಲ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಗೊಂಡ ಮೇಲೆ ಅಶ್ವದಳಗಳ ಲಾಯಗಳು ಈ ಭಾಗದಲ್ಲಿ ಏರ್ಪಟ್ಟವು. ಈಗ ಕಾಮರಾಜ ರಸ್ತೆಯೆಂದು ಕರೆಯಲ್ಪಡುವ ಬೀದಿಯು ಹಿಂದೆ ಕ್ಯಾವಲ್ರಿ ರಸ್ತೆಯೆಂದೇ ಪ್ರಸಿದ್ಧವಾಗಿದ್ದಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲುಮಾರ್ಗವು ತೆರೆದ ತರುವಾಯ ನಿಲ್ದಾಣದಿಂದ ಪೇಟೆಗೂ ಹಳ್ಳಿಗಳಿಗೂ ಜನರನ್ನು ಸಾಗಿಸುವ ಜಟಕಾಗಳು ಹೆಚ್ಚಿದವು. ಆ ಜಟಕಾಗಳು ಈಗ ಬಹುಮಟ್ಟಿಗೆ ಮರೆಯಾಗಿವೆ. ಆದರೆ ಕುದುರೆಯು ಮರೆಯಾಗಿಲ್ಲ. ಮದುವೆಯ ಮೆರವಣಿಗೆಗೆ, ದೇವರ ಉತ್ಸವಕ್ಕೆ, ಅಲಂಕೃತವಾದ ಸಾರೋಟಿಗೆ, ಸವಾರಿ ಕಲಿಸುವ ಶಾಲೆಗಳಿಗೆ ಇಂದಿಗೂ ಕುದುರೆಗಳು ಬೇಕಾಗಿವೆ. ಪಂದ್ಯದಿಂದ ನಿವೃತ್ತವಾದ ತೆಳು ಚರ್ಮದ ಕುದುರೆಗಳೂ ಈ ಕೆಲಸಗಳಿಗೆ ಬಂದು ಸೇರುವುದುಂಟು. ಪೇಟೆಯಲ್ಲಿ ಜಾಗ ದುರ್ಲಭವಾದಂತೆಲ್ಲ ಇಂತಹ ಕುದುರೆಗಳನ್ನು ಊರ ಹೊರಗಿನ ಜಮೀನುಗಳಲ್ಲಿ, ಹಳೆಯ ದನದ ಕೊಟ್ಟಿಗೆಗಳಲ್ಲಿ, ಕೆರೆಯಂಗಳದ ಅಂಚಿನ ತಗಡಿನ ಚಪ್ಪರಗಳಲ್ಲಿ ಕಟ್ಟುವುದು ರೂಢಿಗೆ ಬರುತ್ತದೆ. ಆದಕಾರಣ ಕುದುರೆಯನ್ನು ಸ್ವಂತಕ್ಕೆ ಸಾಕದಿರುವ ಗ್ರಾಮದ ಯಜಮಾನರಿಗೂ ಭೂಮಾಲೀಕರಿಗೂ ಈ ವಿಷಯವು ಸಂಬಂಧಪಟ್ಟದ್ದೇ ಆಗಿದೆ.

ಮಳೆಗಾಲದಲ್ಲಿ ಈ ಕುದುರೆಗಳಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ಬಾಧೆಯೆಂದರೆ ಗಿಣ್ಣಿಗೂ ಗೊರಸಿಗೂ ನಡುವೆ, ವಿಶೇಷವಾಗಿ ಹಿಂಬದಿಯ ಗುಳಿಯಲ್ಲಿ, ಏಳುವ ಹುಣ್ಣು, ಹಕ್ಕಳೆ ಮತ್ತು ಬಿರುಕು. ಜನರು ಇದನ್ನೆಲ್ಲ ಒಟ್ಟಾಗಿ ಕೆಸರುಹುಣ್ಣೆಂದೋ ಕಾಲುಕಜ್ಜಿಯೆಂದೋ ಕರೆದು, ಒಂದೇ ಎಣ್ಣೆಯನ್ನು ಹಚ್ಚಿ, ಒಂದೇ ರೀತಿ ನೀರು ಸುರಿದು ತೊಳೆದು, ವಾಸಿಯಾಗದಿದ್ದರೆ ಕುದುರೆಯ ಜಾತಿಯನ್ನೋ ಕಾಸ್ತಾರನ ಸೋಮಾರಿತನವನ್ನೋ ದೂರುತ್ತಾರೆ. ಇದು ಸರಿಯಾದ ಕ್ರಮವಲ್ಲ. ಈ ಹೆಸರಿನ ಕೆಳಗೆ ಕಡಮೆಯೆಂದರೂ ಏಳೆಂಟು ಬೇರೆ ಬೇರೆ ವ್ಯಾಧಿಗಳು ಅಡಗಿವೆ. ಅವುಗಳಲ್ಲಿ ಹೆಚ್ಚಿನವು ಕಾಲು ಒಣಗಿದರೆ ತಾವಾಗಿಯೇ ಅರ್ಧ ಗುಣವಾಗುವಂಥವು. ಒಂದೆರಡು ಮಾತ್ರ ಮನೆಯಲ್ಲಿ ಕೈಯಿಡಲೇಬಾರದಂಥವು. ಈ ಎರಡು ವರ್ಗಗಳ ಭೇದವನ್ನು ತಿಳಿಯದೆ ಔಷಧಿಗಾಗಿ ಹಣ ಚೆಲ್ಲುವುದು ವ್ಯರ್ಥವು.

ಮೊದಲು ಕಾಲವನ್ನೇ ಗಮನಿಸಬೇಕು. ಬೆಂಗಳೂರಿನಲ್ಲಿ ಮೇ ತಿಂಗಳಿನ ಗುಡುಗುಮಳೆಯಿಂದ ನೆಲ ಹಸಿಯಾಗತೊಡಗಿ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆಯು ಅತ್ಯಧಿಕವಾಗುತ್ತದೆ. ಮೆರವಣಿಗೆಯ ಕುದುರೆಗೆ ಆಷಾಢದಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ಕುದುರೆಯನ್ನು ತಿಂಗಳುಗಟ್ಟಲೆ ಗಂಜಲ ನಿಂತ ನೆಲದಲ್ಲಿ ಕಟ್ಟಿಹಾಕಿ, ಮೇವನ್ನು ಕಡಮೆ ಮಾಡಿ, ಮೈತಿಕ್ಕುವುದನ್ನೂ ನಿಲ್ಲಿಸುವವರಿದ್ದಾರೆ. ಕಾಲುಗಳು ಊದಿಕೊಂಡು, ಚರ್ಮವು ನೆನೆದು ಮೆತ್ತಗಾಗಿರುವ ಆ ಪ್ರಾಣಿಯನ್ನು ಶ್ರಾವಣ ಹುಟ್ಟಿದೊಡನೆ ಟಾರು ರಸ್ತೆಯ ಮೇಲೆ ಹೊಡೆಯುತ್ತಾರೆ. ಗಣೇಶನ ಉತ್ಸವವೂ ದಸರೆಯೂ ಅತ್ಯಧಿಕ ಮಳೆಯ ದಿನಗಳಲ್ಲಿಯೇ ಒದಗುತ್ತವೆ. ಹುಣ್ಣು ಕಣ್ಣಿಗೆ ಬೀಳುವುದು ಆಗ. ಆದರೆ ಅದು ಹುಟ್ಟಿದ್ದು ಆಷಾಢದ ಕೊಟ್ಟಿಗೆಯಲ್ಲಿ.

ಗೊರಸಿನ ಮೇಲಿನ ಹಿಂಗುಳಿಯ ಚರ್ಮವು ಬಹು ತೆಳುವಾದದ್ದು. ಕುದುರೆಯು ಹೆಜ್ಜೆಯಿಟ್ಟಾಗಲೆಲ್ಲ ಅದು ಮಡಿಸಿ ಬಿಚ್ಚಿಕೊಳ್ಳುತ್ತದೆ. ಸ್ವಾಭಾವಿಕವಾದ ಜಿಡ್ಡೊಂದು ಅಲ್ಲಿನ ಚರ್ಮವನ್ನು ಕಾಪಾಡುತ್ತಿರುತ್ತದೆ. ನೀರು, ಕೆಸರು, ಗಂಜಲಗಳು ಪದೇ ಪದೇ ತಗುಲಿದಾಗ ಆ ಜಿಡ್ಡು ಕಳೆದುಹೋಗಿ, ಚರ್ಮವು ಬಹಳ ಹೊತ್ತು ನೀರಿನಲ್ಲಿದ್ದ ಅಗಸನ ಬೆರಳಿನಂತೆ ನೆನೆಯುತ್ತದೆ. ಮರಳಿನ ಕಣಗಳು ಉಜ್ಜಿ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಆ ಗೀರುಗಳ ಮೂಲಕ ಸೂಕ್ಷ್ಮ ಜಂತುಗಳು ಒಳಹೊಗುತ್ತವೆ. ಬಿಳಿಯ ಕಾಲುಳ್ಳ ಕುದುರೆಗಳಲ್ಲಿ ಬಿಳಿಯ ಕೂದಲ ಕೆಳಗಿನ ಚರ್ಮವು ಕೆಂಪಗೆ ಮೃದುವಾಗಿರುವುದರಿಂದ ಈ ಬಾಧೆ ಹೆಚ್ಚು. ಮೆರವಣಿಗೆಗೆ ಬಿಳಿಯ ಕುದುರೆಯನ್ನೂ ಬಿಳಿಗಾಲಿನದನ್ನೂ ಅಪೇಕ್ಷಿಸುವ ಜನರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹೀಗಿರುವಾಗ, ಕೆಲಸದಿಂದ ಬಂದ ಕುದುರೆಯ ಕಾಲುಗಳನ್ನು ಪ್ರತಿದಿನವೂ ಕೆರೆಯ ಅಂಚಿನಲ್ಲಿಯೋ ಕೊಳವೆಯ ನೀರಿನಿಂದಲೋ ತೊಳೆದು ಹಾಗೆಯೇ ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟುವ ಪದ್ಧತಿಯು ರೋಗಕ್ಕೆ ಆಹ್ವಾನವಿತ್ತಂತೆಯೇ ಸರಿ. ತೊಳೆಯುವುದು ಶುಚಿತ್ವವಲ್ಲವೇ ಎಂದು ಕೆಲವರು ಕೇಳುತ್ತಾರೆ. ಮನುಷ್ಯನ ಕಾಲಿಗೂ ಎತ್ತಿನ ಕಾಲಿಗೂ ಆ ಮಾತು ಒಪ್ಪಬಹುದು. ಕೂದಲು ದಟ್ಟವಾಗಿರುವ ಕುದುರೆಯ ಹಿಂಗುಳಿಯಲ್ಲಿ ಒಮ್ಮೆ ನಿಂತ ನೀರು ಗಂಟೆಗಟ್ಟಲೆ ಆರುವುದಿಲ್ಲ. ಕುದುರೆಗಳ ಮೇಲೆಯೇ ತಮ್ಮ ಪ್ರಾಣವನ್ನು ನಂಬಿದ್ದ ಅಶ್ವದಳದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕೆಸರು ಮೆತ್ತಿದ ಕಾಲನ್ನು ತೊಳೆಯದೆ, ಒಣಗಲು ಬಿಟ್ಟು, ಆಮೇಲೆ ಬ್ರಷ್ಷಿನಿಂದ ಉದುರಿಸಬೇಕೆಂಬುದು ಸೈನ್ಯದ ಹಳೆಯ ಅಶ್ವಪಾಲನೆಯ ಬೋಧನೆ. 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಸೇರಿ ಹಿಡಿದ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವು ಜಯಚಾಮರಾಜನಗರದ ಬಳಿ ಇಂದಿಗೂ ನಿಂತಿದೆ. ಅಂತಹ ದಳಗಳಲ್ಲಿ ಕಾಲು ಕೆಟ್ಟ ಕುದುರೆಯೆಂದರೆ ಯುದ್ಧದಲ್ಲಿ ಒಬ್ಬ ಸವಾರನು ಕಡಮೆಯಾದಂತೆ. ಊರಿನ ಬಡ ಸಾರೋಟಿನವನಿಗೆ ಅದು ಒಂದು ಋತುವಿನ ಸಂಪಾದನೆಯೇ ಹೋದಂತೆ.

ಮೆರವಣಿಗೆಗೆ ಕೊಳೆಯ ಕುದುರೆಯನ್ನು ತರಲಾಗದೆಂಬುದೂ ನಿಜವೇ. ತೊಳೆಯಲೇಬೇಕಾದ ದಿನ ತೊಳೆಯಲಿ. ಆದರೆ ತೊಳೆದಷ್ಟೇ ಶ್ರದ್ಧೆಯಿಂದ ಒಣಗಿಸಲಿ. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಒಣಹುಲ್ಲನ್ನು ಹಿಡಿಗಾತ್ರಕ್ಕೆ ಹುರಿಮಾಡಿ ಮೇಲಿನಿಂದ ಕೆಳಕ್ಕೆ ಒರಸಿ, ಅನಂತರ ಹಳೆಯ ಹತ್ತಿಯ ಬಟ್ಟೆಯನ್ನು ಹಿಂಗುಳಿಯೊಳಕ್ಕೆ ಒತ್ತಿ ತೇವವನ್ನು ಹೀರಿಸಬೇಕು. ನಾಲ್ಕು ಕಾಲುಗಳಿಗೆ ಕಾಲು ಗಂಟೆ ಸಾಕು. ಆ ಕಾಲು ಗಂಟೆಯ ಕೂಲಿಯನ್ನು ಕಾಸ್ತಾರನಿಗೆ ಕೊಡದ ಯಜಮಾನನು ಅವನನ್ನು ಸೋಮಾರಿಯೆನ್ನುವುದು ನ್ಯಾಯವಲ್ಲ.

ಇನ್ನು ಎಣ್ಣೆಯ ವಿಚಾರ. ಹೊಂಗೆಯೆಣ್ಣೆ, ಬೇವಿನೆಣ್ಣೆ, ಹರಳೆಣ್ಣೆಗಳನ್ನು ಹಚ್ಚುವವರಿದ್ದಾರೆ. ಮೋಟಾರು ಗಾಡಿಯ ಸುಟ್ಟ ಎಣ್ಣೆಯನ್ನು ಬಳಿಯುವವರೂ ಇದ್ದಾರೆ. ಆರೋಗ್ಯವಾಗಿರುವ ಒಣಚರ್ಮದ ಮೇಲೆ, ಕೆಸರಿಗೆ ಹೋಗುವ ಮೊದಲು, ಜಿಡ್ಡನ್ನು ತೆಳ್ಳಗೆ ಸವರುವುದು ಹಿತಕರವೇ; ನೀರು ತಾಗದಂತೆ ಅದು ತಡೆಯುತ್ತದೆ. ಅದೇ ಜಿಡ್ಡನ್ನು ಹಸಿಯ ಹಕ್ಕಳೆಯ ಮೇಲೆ ಬಳಿದರೆ ಒಳಗಿನ ತೇವವೂ ಕೀವೂ ಹೊರಬರಲಾಗದೆ, ಗಾಳಿ ತಾಗದೆ, ಮಡಕೆಗೆ ಮುಚ್ಚಳ ಹಾಕಿದಂತಾಗಿ ರೋಗವು ಒಳಗೊಳಗೇ ಹಬ್ಬುತ್ತದೆ. ಕೆಸರುಹುಣ್ಣಿನ ಜಂತುವಿಗೆ ಬೇಕಾದುದೂ ಗಾಳಿಯಿಲ್ಲದ ತೇವವೇ. ಗಾಡಿಯ ಸುಟ್ಟ ಎಣ್ಣೆಯಂತೂ ಚರ್ಮವನ್ನು ಸುಡುವ ವಿಷವಸ್ತುಗಳಿಂದ ಕೂಡಿದ್ದು. ಕುದುರೆ ಕಾಲನ್ನು ಕಚ್ಚಿಕೊಂಡರೆ ಹೊಟ್ಟೆಗೂ ಸೇರುತ್ತದೆ. ಅದನ್ನು ಯಾವ ಕಾರಣಕ್ಕೂ ಹಚ್ಚಕೂಡದು. ಮೈಲುತುತ್ತವನ್ನು ಪುಡಿಮಾಡಿ ತುಂಬುವುದು, ಸುಣ್ಣ ಹಚ್ಚುವುದು, ಕಾದ ಕಬ್ಬಿಣದಿಂದ ಬರೆಯೆಳೆಯುವುದು ಇವೆಲ್ಲವೂ ಹೊಸ ಚರ್ಮವು ಹುಟ್ಟುವುದನ್ನೇ ಕೊಲ್ಲುವ ಉಪಾಯಗಳು. ಹುಣ್ಣು ಒಂದಿದ್ದುದು ಎರಡಾಗುತ್ತದೆಯೇ ಹೊರತು ಬೇರೆ ಫಲವಿಲ್ಲ.

ರೋಗವನ್ನು ಗುರುತಿಸಬೇಕಾದರೆ ಹಗಲು ಬೆಳಕಿನಲ್ಲಿ ಕುದುರೆಯನ್ನು ಹೊರಕ್ಕೆ ತಂದು, ಕಾಲನ್ನು ಎತ್ತಿ, ಕೂದಲನ್ನು ಹಿಮ್ಮುಖವಾಗಿ ಸರಿಸಿ ನೋಡಬೇಕು. ದೂರದಿಂದ ನೋಡಿ ಹೇಳುವುದು ಊಹೆ. ನಾಲ್ಕು ಕಾಲುಗಳನ್ನೂ ಹೋಲಿಸಿ ನೋಡುವುದು ಮುಖ್ಯವು. ಬಾಧೆ ಒಂದೇ ಕಾಲಿನಲ್ಲಿದೆಯೋ, ಹಿಂಗಾಲುಗಳೆರಡರಲ್ಲಿಯೂ ಇದೆಯೋ, ಬಿಳಿಯ ಭಾಗಕ್ಕೆ ಮಾತ್ರ ಸೀಮಿತವೋ ಎಂಬುದರಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಕೈಗೆ ರಬ್ಬರಿನ ಕೈಚೀಲವನ್ನು ಹಾಕಿಕೊಳ್ಳತಕ್ಕದ್ದು. ಇದರ ಕಾರಣವು ಮುಂದೆ ವಿದಿತವಾಗುವುದು.

ನಿಜವಾದ ಕೆಸರುಹುಣ್ಣಿನಲ್ಲಿ ಹಕ್ಕಳೆಗಳು ಸಣ್ಣ ಸಣ್ಣವಾಗಿ ಕೂದಲಿಗೆ ಅಂಟಿಕೊಂಡಿರುತ್ತವೆ. ನೆನೆಸಿ ಮೃದುವಾಗಿ ಎತ್ತಿದರೆ ಹಕ್ಕಳೆಯೊಡನೆ ಕೂದಲ ಗೊಂಚಲೊಂದು ಬಣ್ಣದ ಕುಂಚದಂತೆ ಕಿತ್ತು ಬರುತ್ತದೆ. ಕೆಳಗೆ ಹಳದಿ ರಸಿಕೆಯೂ ಕೆಂಪಾದ ಹಸಿ ಚರ್ಮವೂ ಕಾಣುತ್ತದೆ. ಮುಟ್ಟಿದರೆ ನೋವು, ತುರಿಕೆ ಅಷ್ಟಾಗಿ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಕುದುರೆಯು ರಾತ್ರಿಯೆಲ್ಲ ಕಾಲನ್ನು ನೆಲಕ್ಕೆ ಬಡಿಯುತ್ತ, ಒಂದು ಕಾಲನ್ನು ಮತ್ತೊಂದಕ್ಕೆ ಉಜ್ಜುತ್ತ, ಹಲ್ಲಿನಿಂದ ಕಚ್ಚುತ್ತ ಇದ್ದು, ಹಿಂಗಾಲುಗಳಲ್ಲಿ ಹೊಟ್ಟಿನಂತಹ ಪುಡಿ ಉದುರುತ್ತಿದ್ದರೆ ಅದು ಕಜ್ಜಿಯ ಹುಳುವಿನ ಕೆಲಸವಾಗಿರುವ ಸಂಭವ ಹೆಚ್ಚು. ಇಲ್ಲಿ ಒಂದು ಕುದುರೆಗೆ ಮದ್ದು ಮಾಡಿದರೆ ಸಾಲದು. ಅದೇ ಲಾಯದ ಎಲ್ಲ ಕುದುರೆಗಳಿಗೂ ಒಂದೇ ಸಲ ಪಶುವೈದ್ಯರು ಹೇಳಿದ ಔಷಧಿಯನ್ನು ಕೊಡಿಸಿ, ಹಾಸಿದ ಹುಲ್ಲನ್ನು ತೆಗೆದು ಸುಡಬೇಕು. ಗುಂಡಗಿನ ಮಚ್ಚೆಗಳಲ್ಲಿ ಕೂದಲುದುರಿ ಬೂದು ಬಣ್ಣದ ಹೊಪ್ಪಳೆ ಕಂಡರೆ ಹುಳುಕಡ್ಡಿಯೆಂದು ಸಂಶಯಿಸಬೇಕು. ಅದು ಖರಾರ, ಬ್ರಷ್ಷು, ಜೀನುಗಳ ಮೂಲಕ ಇತರ ಕುದುರೆಗಳಿಗೂ ಮೈತಿಕ್ಕುವ ಆಳಿಗೂ ಹತ್ತುತ್ತದೆ.

ಬಿಳಿಯ ಭಾಗವಷ್ಟೇ ಕೆಂಪಗೆ ಊದಿ ಸಿಪ್ಪೆಯೆದ್ದು, ಪಕ್ಕದ ಕಪ್ಪು ಚರ್ಮವು ಗೆರೆ ಕೊರೆದಂತೆ ಆರೋಗ್ಯವಾಗಿದ್ದರೆ ಅಲ್ಲಿ ಕೆಸರನ್ನು ದೂರುವುದು ತಪ್ಪು. ಲಂಟಾನ ಗಿಡವನ್ನು ಮೇಯ್ದ ದನಗಳ ಚರ್ಮವು ಬಿಸಿಲಿಗೆ ಸುಡುವುದನ್ನು ರೈತರು ಕಂಡಿದ್ದಾರೆ. ಕುದುರೆಯಲ್ಲಿಯೂ ಕೆಲವು ಗಿಡಗಳ ವಿಷದಿಂದ ಅಥವಾ ಯಕೃತ್ತಿನ ಕೆಡಕಿನಿಂದ ಇಂತಹ ಬಿಸಿಲುರಿ ಬರುವುದುಂಟು. ಆ ಕುದುರೆಯನ್ನು ಹಗಲು ನೆರಳಿನಲ್ಲಿ ಕಟ್ಟಿ, ಮೇವನ್ನು ಪರೀಕ್ಷಿಸಿ, ವೈದ್ಯರಿಂದ ರಕ್ತವನ್ನು ನೋಡಿಸಬೇಕು. ಹಿಂಗಾಲಿಗೆ ಕಟ್ಟುವ ಪಿಚ್ಚಾಡಿಯ ಹಗ್ಗವು ಉಜ್ಜಿ ಆದ ಗಾಯವು ಕಾಲನ್ನು ಸುತ್ತಿ ಬಳೆಯಂತೆ ಅಡ್ಡಲಾಗಿರುತ್ತದೆ. ನೂಲಿನ ಹಗ್ಗಕ್ಕೆ ಬದಲಾಗಿ ಪ್ಲಾಸ್ಟಿಕ್ ಹಗ್ಗವನ್ನು ಕಟ್ಟಿದರೆ ಅದು ಒದ್ದೆಯಾದಾಗ ಗರಗಸದಂತೆ ಕೊಯ್ಯುತ್ತದೆ. ಇದಕ್ಕೆ ಔಷಧಿಗಿಂತ ಮೊದಲು ಹಗ್ಗವನ್ನು ಬದಲಿಸುವುದೇ ಚಿಕಿತ್ಸೆ.

ಬರ್ಸಾತಿ ಎಂಬ ಹೆಸರನ್ನು ಕುದುರೆ ಕಟ್ಟುವ ಮನೆತನಗಳ ಹಿರಿಯರು ಬಲ್ಲರು. ಮಳೆಯೆಂಬ ಅರ್ಥದ ಹಿಂದೂಸ್ಥಾನೀ ಶಬ್ದದಿಂದ ಬಂದ ಹೆಸರಿದು. ಮಳೆಗಾಲದಲ್ಲಿ ಎದ್ದು, ಎಷ್ಟು ಮದ್ದಿಗೂ ಮಾಯದೆ, ಕೆಂಪು ದುರ್ಮಾಂಸ ಬೆಳೆದು, ಚಳಿಗಾಲದಲ್ಲಿ ತಾನಾಗಿ ಒಣಗಿ, ಮರುವರ್ಷ ಅದೇ ಜಾಗದಲ್ಲಿ ಮತ್ತೆ ಒಡೆಯುವ ಹುಣ್ಣಿಗೆ ಈ ಹೆಸರು ಸಲ್ಲುತ್ತಿದ್ದಿತು. ಭಾರತದಲ್ಲಿದ್ದ ಆಂಗ್ಲ ಸೈನ್ಯದ ಪಶುವೈದ್ಯರು ಇದರ ಕಾರಣವನ್ನು ಕುರಿತು ಹತ್ತೊಂಬತ್ತನೆಯ ಶತಮಾನದಲ್ಲಿ ಬಹಳವಾಗಿ ವಾದಿಸಿದರು. ಈ ಒಂದು ಹೆಸರಿನಲ್ಲಿ ಎರಡು ರೋಗಗಳು ಬೆರೆತಿದ್ದವೆಂಬುದು ಈಗ ಸ್ಪಷ್ಟವಾಗಿದೆ. ಒಂದು, ಕುದುರೆಯ ಹೊಟ್ಟೆಯಲ್ಲಿ ವಾಸಿಸುವ ಹುಳುವಿನ ಮರಿಗಳಿಂದ ಆಗುವುದು. ಲದ್ದಿಯಲ್ಲಿ ಹೊರಬಿದ್ದ ಹುಳುವಿನ ಮರಿಯು ಅಲ್ಲಿಯೇ ಹುಟ್ಟುವ ನೊಣದ ದೇಹವನ್ನು ಸೇರಿ, ಆ ನೊಣವು ಕುದುರೆಯ ಗಾಯದ ಮೇಲೆ ಕುಳಿತಾಗ ಗಾಯದೊಳಕ್ಕೆ ಇಳಿಯುತ್ತದೆ. ಅಂತಹ ಹುಣ್ಣಿನಲ್ಲಿ ಅಕ್ಕಿಯ ನುಚ್ಚಿನಂತಹ ಹಳದಿ ಕಣಗಳು ಕಾಣುತ್ತವೆ. ವೈದ್ಯರು ಕೊಡುವ ಜಂತುನಾಶಕ ಔಷಧಿಯಿಂದ ಇದು ವಾಸಿಯಾಗುತ್ತದೆ. ಆದರೆ ಲದ್ದಿಯ ರಾಶಿಯು ಲಾಯದ ಬಾಗಿಲಲ್ಲಿಯೇ ಇರುವವರೆಗೆ ಅದು ಮರಳಿ ಬರುತ್ತಲೇ ಇರುತ್ತದೆ.

ಮತ್ತೊಂದು ಇದಕ್ಕಿಂತ ಘೋರವಾದದ್ದು. ನಿಂತ ನೀರಿನಲ್ಲಿ ಬೆಳೆಯುವ, ಬೂಷ್ಟನ್ನು ಹೋಲುವ ಪಿಥಿಯಂ ಎಂಬ ಸೂಕ್ಷ್ಮಜೀವಿಯ ಬೀಜಗಳು ನೀರಿನಲ್ಲಿ ಈಜಿ ಬಂದು ಕುದುರೆಯ ಕಾಲಿಗೆ ಅಂಟಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ ಹುಣ್ಣೆದ್ದು ಕೆಲವೇ ವಾರಗಳಲ್ಲಿ ಅಂಗೈಯಗಲವನ್ನು ಮೀರಿ ಬೆಳೆಯುತ್ತದೆ. ಎಳೆಯೆಳೆಯಾಗಿ ಲೋಳೆ ಸುರಿಯುತ್ತದೆ. ತುರಿಕೆಯನ್ನು ತಾಳಲಾರದೆ ಕುದುರೆಯು ತನ್ನ ಕಾಲನ್ನೇ ಕಡಿದುಕೊಳ್ಳುತ್ತದೆ. ದುರ್ಮಾಂಸದೊಳಗೆ ಹವಳದ ತುಂಡಿನಂತೆ ಗಟ್ಟಿಯಾದ ಹಳದಿ ಚೂರುಗಳು ಸಿಕ್ಕುತ್ತವೆ. ನೆಲದಲ್ಲಿ ದೊರೆಯುವ ಸುಣ್ಣದ ಕಂಕರಕ್ಕೆ ಹೋಲಿಸಿ ಅವನ್ನು ಕಂಕರವೆಂದೇ ಹಿಂದಿನ ಪಶುವೈದ್ಯರು ಕರೆದರು. ಅಣಬೆಯ ಜಾತಿಯ ಜೀವಿಯೇ ಇದಕ್ಕೆ ಕಾರಣವೆಂಬ ವಾದವು 1884ರಷ್ಟು ಹಿಂದೆಯೇ ಭಾರತದಿಂದ ಪ್ರಕಟವಾಯಿತು. ಹುಣ್ಣು ಸಣ್ಣದಿರುವಾಗ ವೈದ್ಯರು ಅದನ್ನು ಸುತ್ತಲಿನ ಚರ್ಮದೊಡನೆ ಕೊಯ್ದು ತೆಗೆದರೆ ಕುದುರೆ ಉಳಿಯುತ್ತದೆ. ಎರಡು ತಿಂಗಳು ಎಣ್ಣೆ ಹಚ್ಚಿ ಕಾದವರ ಕುದುರೆಯು ಉಳಿಯುವುದು ಅಪೂರ್ವ. ಕೆರೆಯಂಗಳದ ನಿಂತ ನೀರಿನಲ್ಲಿ ಕುದುರೆಯನ್ನು ನಿಲ್ಲಿಸುವ ಅಭ್ಯಾಸವನ್ನು ಬಿಡಬೇಕೆನ್ನುವುದಕ್ಕೆ ಇದೊಂದೇ ಕಾರಣವು ಸಾಕು. ಹಲಸೂರು ಕೆರೆಯಾಗಲಿ, ಕೃಷ್ಣರಾಜಪುರದ ವೆಂಗಯ್ಯನ ಕೆರೆಯಾಗಲಿ, 2018ರ ಜನವರಿಯಲ್ಲಿ ಅಂಗಳಕ್ಕೆ ಬೆಂಕಿ ಹತ್ತಿದ ಬೆಳ್ಳಂದೂರು ಕೆರೆಯಾಗಲಿ, ಅಜ್ಜಂದಿರು ಎತ್ತುಗಳ ಮೈತೊಳೆದ ಕಾಲದ ನೀರನ್ನು ಈಗ ಹೊಂದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೈಚೀಲದ ಕಾರಣವನ್ನು ಈಗ ಹೇಳಬೇಕು. ಹಿಂಗಾಲಿನ ಒಳಬದಿಯಲ್ಲಿ, ಕೆಳಗಿನಿಂದ ತೊಡೆಯ ಕಡೆಗೆ, ಮಣಿಸರದಂತೆ ಒಂದರ ಮೇಲೊಂದು ಗಂಟುಗಳೆದ್ದು, ಅವುಗಳ ನಡುವೆ ಚರ್ಮದ ಕೆಳಗೆ ಹುರಿಯಂತಹ ಗಟ್ಟಿ ನಾಳವು ಕೈಗೆ ಸಿಕ್ಕಿ, ಗಂಟುಗಳೊಡೆದು ಜೇನಿನಂತೆ ಅಂಟಾದ ಹಳದಿ ದ್ರವವು ಸುರಿಯುತ್ತಿದ್ದರೆ, ಅದು ಕೆಸರುಹುಣ್ಣೆಂದು ಭಾವಿಸುವುದು ಪ್ರಾಣಾಪಾಯಕರವು. ಅದು ಫಾರ್ಸಿ, ಎಂದರೆ ಗ್ಲಾಂಡರ್ಸ್ ರೋಗದ ಚರ್ಮರೂಪ ಆಗಿರಬಹುದು. ಮೂಗಿನಿಂದಲೂ ಅಂಟಾದ ಸಿಂಬಳ ಬರುತ್ತಿದ್ದರೆ ಸಂಶಯವು ಬಲವಾಗುತ್ತದೆ. ಈ ರೋಗವು ಕುದುರೆಯಿಂದ ಮನುಷ್ಯನಿಗೆ ಹತ್ತುತ್ತದೆ. ಸಕಾಲದಲ್ಲಿ ಚಿಕಿತ್ಸೆಯಾಗದಿದ್ದರೆ ಮನುಷ್ಯನನ್ನೂ ಕೊಲ್ಲುತ್ತದೆ. ಇದು ದೂರದೇಶದ ಸುದ್ದಿಯೆಂದು ಯಾರೂ ಉದಾಸೀನ ಮಾಡಬಾರದು. 2023ರಲ್ಲಿ ಬೆಂಗಳೂರಿನ ದೇವರ ಜೀವನಹಳ್ಳಿಯ ಕುದುರೆಯೊಂದರಲ್ಲಿಯೇ ಈ ರೋಗವು ಪತ್ತೆಯಾಗಿ, ಸುತ್ತಮುತ್ತ ಕುದುರೆ, ಕತ್ತೆ, ಹೇಸರಗತ್ತೆಗಳ ಓಡಾಟವನ್ನು ಸರ್ಕಾರವು ನಿರ್ಬಂಧಿಸಬೇಕಾಯಿತು. ಶಿವಾಜಿನಗರಕ್ಕೆ ಅದು ನೆರೆಯ ಬಡಾವಣೆ.

ಇದಕ್ಕಾಗಿ 1899ರಲ್ಲಿಯೇ ಪ್ರತ್ಯೇಕವಾದ ಶಾಸನವೊಂದು ಆಗಿದ್ದಿತು. ಈಗ 2009ರ ಪಶುಗಳ ಸಾಂಕ್ರಾಮಿಕ ರೋಗಗಳ ಶಾಸನವು ಅದರ ಸ್ಥಾನದಲ್ಲಿದೆ. ಇಂತಹ ರೋಗದ ಸಂಶಯ ಬಂದೊಡನೆ ಅಧಿಕಾರಿಗಳಿಗೆ ತಿಳಿಸುವುದು ಕುದುರೆಯ ಒಡೆಯನ ಕರ್ತವ್ಯವೆಂದು ಶಾಸನವು ವಿಧಿಸುತ್ತದೆ. ರಕ್ತದ ಮಾದರಿಯನ್ನು ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸುವ ಏರ್ಪಾಡಿದೆ. ರೋಗವು ಸ್ಥಿರಪಟ್ಟ ಕುದುರೆಗೆ ಚಿಕಿತ್ಸೆಯಿಲ್ಲ. ಅದನ್ನು ನೋವಿಲ್ಲದೆ ಕೊನೆಗಾಣಿಸಿ ಆಳವಾಗಿ ಹೂಳಬೇಕಾಗುತ್ತದೆ. ಕುದುರೆಯನ್ನು ಕಿತ್ತುಕೊಳ್ಳುವರೆಂಬ ಭಯದಿಂದ ಬಡವನು ಅದನ್ನು ಬಚ್ಚಿಡುವುದು ಸಹಜವೇ. ಹೀಗೆ ನಷ್ಟವಾದ ಕುದುರೆಗೆ ಪರಿಹಾರ ಕೊಡುವ ಏರ್ಪಾಡು ಸರ್ಕಾರದ್ದಿದೆಯೆಂದು ಗ್ರಾಮದ ಯಜಮಾನರು ಅವನಿಗೆ ತಿಳಿಸಿ ಹೇಳಬೇಕು. ಪರೀಕ್ಷೆಯ ಫಲ ಬರುವವರೆಗೆ ಆ ಕುದುರೆಯನ್ನು ದೂರ ಕಟ್ಟಿ, ಅದರ ನೀರಿನ ತೊಟ್ಟಿ, ತೋಬ್ರಾ, ಬ್ರಷ್ಷುಗಳನ್ನು ಪ್ರತ್ಯೇಕಿಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ಹುಣ್ಣನ್ನು ತೊಳೆಯುವ, ಒತ್ತುವ ಗೋಜಿಗೆ ಯಾರೂ ಹೋಗತಕ್ಕದ್ದಲ್ಲ.

ಸಾಮಾನ್ಯವಾದ ಕೆಸರುಹುಣ್ಣಿನ ಚಿಕಿತ್ಸೆಯಾದರೋ ಸರಳವೇ. ಕುದುರೆಯನ್ನು ಒಣನೆಲಕ್ಕೆ ತರುವುದು ಮೊದಲನೆಯ ಕೆಲಸ. ಅದಾಗದಿದ್ದರೆ ಮುಂದಿನ ಯಾವುದೂ ಫಲಿಸದು. ಹುಣ್ಣಿನ ಸುತ್ತಣ ಉದ್ದ ಕೂದಲನ್ನು ಕತ್ತರಿಯಿಂದ ಎಚ್ಚರಿಕೆಯಾಗಿ ಕತ್ತರಿಸಬೇಕು. ಹಕ್ಕಳೆಯನ್ನು ಒಣಗಿದ್ದಾಗ ಉಗುರಿನಿಂದ ಕೀಳುವುದು ಕ್ರೌರ್ಯವೂ ಹೌದು, ಅಪಾಯವೂ ಹೌದು. ಒದೆತ ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಯಿಸಿ ಆರಿಸಿದ ಬೆಚ್ಚನೆಯ ನೀರಿನಿಂದ ನೆನೆಸಿ, ಔಷಧಿಯಂಗಡಿಯಲ್ಲಿ ದೊರೆಯುವ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಹಚ್ಚಿ, ಹತ್ತು ನಿಮಿಷ ಹಾಗೆಯೇ ಬಿಟ್ಟು, ಮೆತ್ತಗಾಗಿ ತಾನಾಗಿ ಬಿಡುವ ಹಕ್ಕಳೆಯನ್ನಷ್ಟೇ ತೆಗೆದು, ತೊಳೆದು, ಪೂರ್ಣವಾಗಿ ಒಣಗಿಸಬೇಕು. ವಾರಕ್ಕೆ ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. ಪ್ರತಿದಿನ ತೊಳೆದರೆ ಔಷಧಿಯ ಹೆಸರಿನಲ್ಲಿ ಮತ್ತೆ ನೀರಿನ ಬಾಧೆಯೇ ಆಗುತ್ತದೆ. ಒಣಗಿದ ಮೇಲೆ ಸತುವಿನ ಭಸ್ಮದ ಮುಲಾಮನ್ನು ತೆಳುವಾಗಿ ಸವರಬಹುದು. ಒರಸಿದ ಬಟ್ಟೆಯನ್ನು ಬೇರೊಂದು ಕುದುರೆಗೆ ಉಪಯೋಗಿಸದೆ ಕುದಿಸಬೇಕು. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಮತ್ತೊಂದಿಲ್ಲವಾದ್ದರಿಂದ, ಅದರ ಚುಚ್ಚುಮದ್ದು ಹಿಂದೆ ಆಗಿದೆಯೇ ಎಂದು ವಿಚಾರಿಸುವುದು ಅವಶ್ಯ.

ಕಾಲು ಗಿಣ್ಣಿನಿಂದ ಮೇಲಕ್ಕೆ ಊದಿಕೊಂಡರೆ, ಕುದುರೆ ಕುಂಟಿದರೆ, ಮೇವು ಬಿಟ್ಟರೆ, ಮೈಶಾಖವು 101 ಡಿಗ್ರಿ ಫ್ಯಾರನ್‌ಹೀಟನ್ನು ಮೀರಿ ಏರುತ್ತ ಹೋದರೆ, ಅಥವಾ ಹತ್ತು ದಿನಗಳಲ್ಲಿ ಗುಣ ಕಾಣದಿದ್ದರೆ ತಡಮಾಡದೆ ವೈದ್ಯರನ್ನು ಕರೆಯಿಸಬೇಕು. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೂ, 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯ ಕಾಲೇಜೂ ಪೂರ್ವಭಾಗದವರಿಗೆ ದೂರವಲ್ಲ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಎಂಬ ದೂರವಾಣಿ ಸಂಖ್ಯೆಯುಂಟು.

ಭೂಮಾಲೀಕರು ಕುದುರೆಯವರಿಗೆ ಜಾಗವನ್ನು ಬಾಡಿಗೆಗೆ ಕೊಡುವಾಗ ನೆಲದ ವಿಷಯವನ್ನು ತಮ್ಮದಲ್ಲವೆಂದು ಬಿಡುವುದುಂಟು. ಈ ಔದಾಸೀನ್ಯವೇ ಹೆಚ್ಚಿನ ಹುಣ್ಣುಗಳ ಮೂಲವೆಂದರೆ ಅತಿಶಯೋಕ್ತಿಯಾಗಲಾರದು. ದನದ ಕೊಟ್ಟಿಗೆಯ ತಗ್ಗು ನೆಲವು ಕುದುರೆಗೆ ಒಗ್ಗುವುದಿಲ್ಲ; ಹೆಚ್ಚು ಹೊತ್ತು ನಿಂತೇ ಇರುವ ಪ್ರಾಣಿಯಾದ ಕುದುರೆಗೆ ಕಾಲ ಕೆಳಗಿನ ತೇವವು ಹಗಲೂ ರಾತ್ರಿಯೂ ತಾಗುತ್ತಿರುತ್ತದೆ. ಸುತ್ತಲಿನ ಅಂಗಳಕ್ಕಿಂತ ಅರ್ಧ ಅಡಿ ಎತ್ತರವಾಗಿ ಗರಸು ಮಣ್ಣನ್ನು ಹಾಕಿ ದಮ್ಮಸು ಮಾಡಿ, ಹಿಂದಕ್ಕೆ ಒಂದೆರಡು ಅಂಗುಲ ಇಳಿಜಾರು ಕೊಟ್ಟು, ಗಂಜಲ ಹರಿಯಲು ಒಂದು ಕಾಲುವೆ ತೆಗೆದರೆ ಸಾಕು. ಸಿಮೆಂಟಿನ ನೆಲವಾದರೆ ಒಣಹುಲ್ಲನ್ನೋ ಮರದ ಹೊಟ್ಟನ್ನೋ ದಪ್ಪವಾಗಿ ಹಾಸಿ, ಒದ್ದೆಯಾದುದನ್ನು ದಿನವೂ ತೆಗೆಯಬೇಕು. ನೀರಿನ ತೊಟ್ಟಿಯ ಸುತ್ತಲೂ ಕೆಸರಾಗದಂತೆ ನಾಲ್ಕು ಚಪ್ಪಡಿಗಳನ್ನು ಹಾಕಿಸುವುದು ಪಂಚಾಯಿತಿಗೆ ಭಾರವಾದ ಕೆಲಸವೇನಲ್ಲ. ಲದ್ದಿಯನ್ನು ದಿನಕ್ಕೆ ಎರಡು ಸಲ ಎತ್ತಿ, ಲಾಯದಿಂದ ನೂರಡಿ ದೂರದ ಗುಂಡಿಯಲ್ಲಿ ಒತ್ತಾಗಿ ತುಂಬಿ ಮಣ್ಣು ಮುಚ್ಚಿದರೆ, ಒಳಗಿನ ಕಾವಿಗೆ ನೊಣದ ಮರಿಗಳು ಸಾಯುತ್ತವೆ; ಹೊಲಕ್ಕೆ ಒಳ್ಳೆಯ ಗೊಬ್ಬರವೂ ದೊರೆಯುತ್ತದೆ. ತರಕಾರಿ ಬೆಳೆಯುವ ಜಮೀನಿನವರು ಅದನ್ನು ಕೊಂಡುಕೊಂಡರೆ, ಆ ಹಣದಿಂದಲೇ ಹಾಸಿಗೆಯ ಹುಲ್ಲಿನ ಖರ್ಚಿನ ಒಂದು ಭಾಗವು ಹುಟ್ಟುತ್ತದೆ.

ಉತ್ಸವಕ್ಕೂ ಮದುವೆಗೂ ಕುದುರೆಯನ್ನು ಗೊತ್ತುಮಾಡುವವರು ಸಾಧಾರಣವಾಗಿ ಊರಿನ ಯಜಮಾನರೇ. ಜೀನಿನ ಜರತಾರಿಯನ್ನೂ ತಲೆಯ ತುರಾಯಿಯನ್ನೂ ನೋಡಿ ಬಾಡಿಗೆಯನ್ನು ಗೊತ್ತುಮಾಡುವವರು ಕಾಲನ್ನು ನೋಡುವುದಿಲ್ಲ. ಹುಣ್ಣಾದ, ಕುಂಟುವ ಪ್ರಾಣಿಯಿಂದ ಕೆಲಸ ಮಾಡಿಸುವುದು 1960ರ ಪ್ರಾಣಿ ಹಿಂಸಾ ನಿವಾರಣಾ ಶಾಸನದಂತೆ ಅಪರಾಧವು. ಆದರೆ ಶಾಸನದ ಭಯಕ್ಕಿಂತ ಬೇರೊಂದು ಸಂಗತಿಯು ಇಲ್ಲಿ ವಿಚಾರಾರ್ಹವಾಗಿದೆ. ವಾದ್ಯಗಳ ಗದ್ದಲದ ನಡುವೆ, ಬಿರಿದ ಹಿಂಗುಳಿಯ ನೋವಿನಿಂದ ನಿಲ್ಲಲಾರದ ಕುದುರೆಯು ಬೆದರಿ ಹಿಂಗಾಲಿನ ಮೇಲೆದ್ದರೆ ಕೆಳಗೆ ಬೀಳುವವನು ಮದುವೆಯ ಗಂಡು. ತುಳಿತಕ್ಕೆ ಸಿಕ್ಕುವವರು ಮುಂದೆ ಕುಣಿಯುವ ಮಕ್ಕಳು. ಮುಂಗಡ ಕೊಡುವ ದಿನವೇ ಅಲಂಕಾರವಿಲ್ಲದ ಕುದುರೆಯನ್ನು ಬಿಸಿಲಿಗೆ ತರಿಸಿ, ಗಟ್ಟಿನೆಲದ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿ ನೋಡಿ, ನಾಲ್ಕು ಕಾಲುಗಳನ್ನೂ ಒಡೆಯನ ಕೈಯಿಂದಲೇ ಎತ್ತಿಸಬೇಕು. ಹುಣ್ಣಿದ್ದರೆ ಮುಂಗಡವನ್ನು ಹಿಂದಕ್ಕೆ ಕೇಳುವ ಬದಲು ದಿನವನ್ನು ಮುಂದಕ್ಕೆ ಹಾಕಿಕೊಂಡು, ಅಥವಾ ಬೇರೆ ಕುದುರೆಯನ್ನು ತರಲು ಅವನಿಗೆ ಅವಕಾಶವಿತ್ತು, ಆ ಹಣದಿಂದ ಔಷಧಿ ಮಾಡಿಸಲು ಹೇಳುವುದು ಯುಕ್ತ. ಮುಂಗಡ ಹೋದೀತೆಂಬ ಹೆದರಿಕೆಯಿಲ್ಲದಿದ್ದರೆ ಅವನು ಹುಣ್ಣಿನ ಮೇಲೆ ಬಣ್ಣದ ಪಟ್ಟಿ ಸುತ್ತಿ ತರುವುದಿಲ್ಲ.